ಸರ್ವಾಧಿಕಾರಿ ಎಂಬ ಹುದ್ದೆ

ಸರ್ವಾಧಿಕಾರಿ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣಮುಂದೆ ಬರುವುದು ಹಿಟ್ಲರ್, ಮುಸೋಲಿನಿ ಮೊದಲಾದ ಪರದೇಶದ ಮುಖಗಳು. ಪತ್ರಿಕೆಗಳವರು ಆ ಜಾತಿಯ ಆಳರಸರಿಗೆಲ್ಲ ಈ ಹೆಸರನ್ನು ಅಂಟಿಸುತ್ತ ಬಂದು ಈಗ ಅದು ಬೈಗುಳಕ್ಕೆ ಬಲು ಹತ್ತಿರದ ಶಬ್ದವಾಗಿದೆ. ಆದರೆ ಹದಿನೆಂಟನೆಯ ಶತಮಾನದ ಮೈಸೂರಿನಲ್ಲಿ ಅದು ಬೈಗುಳವೂ ಅಲ್ಲ, ಹೊಗಳಿಕೆಯೂ ಅಲ್ಲ. ದಳವಾಯಿ, ಪ್ರಧಾನಿ ಎಂಬಂತೆ ಅದೊಂದು ಹುದ್ದೆ. ದಳವಾಯಿ ದಂಡಿನ ಮುಖ್ಯಸ್ಥ. ಸರ್ವಾಧಿಕಾರಿ ಹಣಕಾಸು, ಕಂದಾಯ ಮೊದಲಾದ ರಾಜ್ಯದ ವ್ಯವಹಾರಗಳನ್ನು ನೋಡಿಕೊಳ್ಳತಕ್ಕವನು. ಆ ಹುದ್ದೆಯಲ್ಲಿ ಕುಳಿತು ಅದರ ಹೆಸರನ್ನು ಅಕ್ಷರಶಃ ನಿಜಮಾಡಿದಾತ ಕಳಲೆಯ ಕರಾಚೂರಿ ನಂಜರಾಜಯ್ಯ. ಅವನ ಕಥೆಯನ್ನು ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಕಥೆ ಹಳೆಯದು ನಿಜ. ಆದರೆ ಒಂದು ರಾಜ್ಯ ಮೇಲುನೋಟಕ್ಕೆ ಗಟ್ಟಿಯಾಗಿ ನಿಂತಂತೆ ಕಾಣುತ್ತಲೇ ಒಳಗೊಳಗೆ ಹೇಗೆ ಟೊಳ್ಳಾಗುತ್ತದೆ ಎಂಬುದನ್ನು ತಿಳಿಯಬೇಕೆನ್ನುವವರು ಬಹುದೂರ ಹೋಗಬೇಕಾಗಿಲ್ಲ. ನಂಜನಗೂಡಿನವರೆಗೆ ಹೋದರೆ ಸಾಕು.

ಕಳಲೆ ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿ. ಪಟ್ಟಣಕ್ಕೆ ಕೆಲವೇ ಮೈಲಿ ದೂರ. ಲಕ್ಷ್ಮೀಕಾಂತಸ್ವಾಮಿಯ ದೇವಾಲಯವನ್ನು ನೋಡಲು ಅಲ್ಲಿಗೆ ಹೋದವರಿಗೆ, ಒಂದು ಕಾಲಕ್ಕೆ ಮೈಸೂರಿನ ದೊರೆಗಳನ್ನು ಏರಿಸಿ ಇಳಿಸಿದವರ ಊರು ಇದು ಎಂದು ಯಾರಾದರೂ ಹೇಳಿದ ಹೊರತು ತಿಳಿಯುವುದಿಲ್ಲ. ಆದರೆ ನಂಜನಗೂಡಿನ ಬಳಿ ಕಪಿಲೆಗೆ ಕಟ್ಟಿರುವ ಹಳೆಯ ಕಲ್ಲುಸೇತುವೆ ಎಲ್ಲರಿಗೂ ಪರಿಚಿತ. ಅದನ್ನು ೧೭೩೫ರಲ್ಲಿ ಕಟ್ಟಿಸಿದವನು ನಂಜರಾಜಯ್ಯನ ಅಣ್ಣ, ದಳವಾಯಿ ದೇವರಾಜಯ್ಯ. ಮುಂದೆ ರೈಲು ಬಂದಾಗ ಅದೇ ಸೇತುವೆಯ ಮೇಲೆ ಹಳಿಯೂ ರಸ್ತೆಯೂ ಒಟ್ಟಿಗೆ ಹಾದುಹೋದವು. ಈಚೆಗೆ ಬೇರೆ ಸೇತುವೆಗಳಾಗಿ ಅದಕ್ಕೆ ವಿಶ್ರಾಂತಿ ದೊರೆತಿದೆ. ಇಷ್ಟು ದೃಢವಾದ ಕಟ್ಟಡವನ್ನು ಕಟ್ಟಿಸಿದವನನ್ನು ಒಳ್ಳೆಯ ಆಡಳಿತಗಾರನೆಂದು ಹೊಗಳುವುದು ಸಹಜ. ಅದಕ್ಕೆ ಒಂದು ವರ್ಷ ಹಿಂದೆ ನಡೆದದ್ದೇನೆಂಬುದನ್ನೂ ಜೊತೆಗೇ ನೆನೆಯುವುದು ನ್ಯಾಯ.

ಅದಕ್ಕಾಗಿ ಸ್ವಲ್ಪ ಹಿಂದಿನಿಂದ ಬರಬೇಕು. ಮೈಸೂರಿನ ಒಡೆಯರಿಗೂ ಕಳಲೆಯ ಪಾಳೆಯಗಾರರಿಗೂ ಹೆಣ್ಣು ಕೊಟ್ಟು ತಂದ ನೆಂಟಸ್ತನ. ದಳವಾಯಿಯ ಹುದ್ದೆ ಕಳಲೆಯ ಮನೆತನಕ್ಕೆ ಎಂಬ ಒಪ್ಪಂದ ರಾಜ ಒಡೆಯರ ಕಾಲಕ್ಕೇ ಆಯಿತೆಂದು ಹೇಳುತ್ತಾರೆ. ದೊರೆ ಸಮರ್ಥನಾಗಿರುವವರೆಗೆ ಇದರಿಂದ ಬಾಧಕವೇನೂ ಇರಲಿಲ್ಲ. ಚಿಕ್ಕದೇವರಾಜ ಒಡೆಯರು ದಳವಾಯಿಗಳನ್ನು ಅಂಕೆಯಲ್ಲಿಟ್ಟುಕೊಂಡು, ಬೊಕ್ಕಸವನ್ನು ತುಂಬಿಸಿ, ನವಕೋಟಿನಾರಾಯಣರೆನ್ನಿಸಿಕೊಂಡರು. ೧೭೦೪ರಲ್ಲಿ ಅವರು ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದ ಮಗ ಕಂಠೀರವ ನರಸರಾಜರಿಗೆ ಮಾತು ಬಾರದು. ಮೂಕರಸು ಎಂದೇ ಹೆಸರು. ಅವರ ತರುವಾಯ ದೊಡ್ಡ ಕೃಷ್ಣರಾಜ ಒಡೆಯರು. ೧೭೩೨ರಲ್ಲಿ ಅವರೂ ಮಕ್ಕಳಿಲ್ಲದೆ ತೀರಿಕೊಂಡರು.

ಹೀಗೇಕಾಯಿತೆಂದು ತಿರುಮಕೂಡಲು ನರಸೀಪುರದ ಸೀಮೆಯಲ್ಲಿ ಯಾರನ್ನು ಕೇಳಿದರೂ ಉತ್ತರ ಸಿದ್ಧವಾಗಿರುತ್ತದೆ. ತಲಕಾಡೂ ಮಾಲಂಗಿಯೂ ಅದೇ ತಾಲ್ಲೂಕಿನಲ್ಲಿವೆಯಷ್ಟೆ. ಶ್ರೀರಂಗಪಟ್ಟಣದ ತಿರುಮಲರಾಯನ ರಾಣಿ ಅಲಮೇಲಮ್ಮ ಒಡವೆಗಳೊಂದಿಗೆ ಮಾಲಂಗಿಯ ಹೊಳೆಗೆ ಹಾರಿಕೊಳ್ಳುವಾಗ, ತಲಕಾಡು ಮರಳಾಗಲೆಂದೂ, ಮಾಲಂಗಿ ಮಡುವಾಗಲೆಂದೂ, ಮೈಸೂರ ದೊರೆಗಳಿಗೆ ಸಂತಾನವಿಲ್ಲದಂತಾಗಲೆಂದೂ ಶಪಿಸಿದಳೆಂಬುದು ಆ ಕಡೆಯ ಮಕ್ಕಳಿಗೂ ಗೊತ್ತಿರುವ ಕಥೆ. ಶಾಪದ ಮಾತು ಹಾಗಿರಲಿ. ಮಕ್ಕಳಾಗದಿದ್ದದ್ದು ದೈವದ ಕೆಲಸವೇ ಇರಬಹುದು. ದತ್ತುಮಗನನ್ನು ಆರಿಸಿದ್ದು ಮಾತ್ರ ದಳವಾಯಿಯ ಕೆಲಸ.

ಮೊದಲು ಆರಿಸಿದ್ದು ಚಾಮರಾಜ ಒಡೆಯರನ್ನು. ಪ್ರಾಯಕ್ಕೆ ಬಂದಿದ್ದ ಆ ದೊರೆ ತಾವು ನಿಜವಾಗಿಯೂ ದೊರೆಯೆಂದೇ ಬಗೆದರು. ಕಳಲೆಯವರನ್ನು ಅಧಿಕಾರದಿಂದ ದೂರವಿಡಲು ಹೊರಟರು. ೧೭೩೪ರಲ್ಲಿ ಅವರನ್ನು ಹಿಡಿದು ಕಬ್ಬಾಳದುರ್ಗದ ಬೆಟ್ಟದ ಮೇಲೆ ಸೆರೆಯಿಟ್ಟದ್ದಾಯಿತು. ಅವರ ಆಯುಸ್ಸು ಅಲ್ಲಿಯೇ ತೀರಿತು. ಅವರ ಸ್ಥಾನಕ್ಕೆ ಈ ಸಲ ಐದಾರು ವರ್ಷದ ಒಬ್ಬ ಬಾಲಕನನ್ನು ತಂದು ಕೂರಿಸಿದರು. ಆತನೇ ಇಮ್ಮಡಿ ಕೃಷ್ಣರಾಜ ಒಡೆಯರು. ದೇವರಾಜಯ್ಯ ದಳವಾಯಿ, ಸರ್ವಾಧಿಕಾರಿ ಮೊದಲು ಅದೇ ಮನೆಯ ಇನ್ನೊಬ್ಬ ನಂಜರಾಜಯ್ಯ, ಆತನ ಕಾಲಾನಂತರ ನಮ್ಮ ಕರಾಚೂರಿ ನಂಜರಾಜಯ್ಯ. ದಂಡು ಅಣ್ಣನ ಕೈಯಲ್ಲಿ, ಹಣ ತಮ್ಮನ ಕೈಯಲ್ಲಿ, ದಸರೆಯ ದರ್ಬಾರು ಹುಡುಗನ ಪಾಲಿಗೆ. ನಂಜರಾಜಯ್ಯ ತನ್ನ ಮಗಳನ್ನೂ ಆ ದೊರೆಗೇ ಕೊಟ್ಟು ಮದುವೆ ಮಾಡಿ, ಅರಮನೆಯ ಒಳಬಾಗಿಲನ್ನೂ ಭದ್ರಮಾಡಿಕೊಂಡ.

ಇಷ್ಟು ಕೇಳಿ ನಂಜರಾಜಯ್ಯ ಬರಿಯ ಕ್ರೂರಿಯೆಂದು ಭಾವಿಸಿದರೆ ತಪ್ಪಾದೀತು. ಆತ ವಿದ್ವಾಂಸ, ನಂಜುಂಡೇಶ್ವರನ ಪರಮಭಕ್ತ. ಕಕುದ್ಗಿರಿ ಮಾಹಾತ್ಮ್ಯ, ಹಾಲಾಸ್ಯ ಮಾಹಾತ್ಮ್ಯ ಮೊದಲಾದ ಗ್ರಂಥಗಳು ಕನ್ನಡದಲ್ಲಿ ಅವನ ಹೆಸರಿನಲ್ಲಿವೆ, ಸಂಸ್ಕೃತದಲ್ಲಿ ಸಂಗೀತಗಂಗಾಧರವಿದೆ. ಕವಿಗಳಿಗೆ ಆಶ್ರಯ ಕೊಟ್ಟವನು. ಅವನ ಆಶ್ರಯದಲ್ಲಿದ್ದ ನರಸಿಂಹಕವಿ 'ನಂಜರಾಜಯಶೋಭೂಷಣ' ಎಂಬ ಅಲಂಕಾರಶಾಸ್ತ್ರ ಗ್ರಂಥವನ್ನು ಬರೆದ. ಉಪಮೆ ಎಂದರೇನು, ರೂಪಕ ಎಂದರೇನು ಎಂದು ವಿದ್ಯಾರ್ಥಿಗಳಿಗೆ ತಿಳಿಸುವ ಪುಸ್ತಕ; ಅದರ ಉದಾಹರಣೆಗಳಿಗೆ ನಾಯಕ ನಂಜರಾಜ. ಅಂಥ ಪುಸ್ತಕಗಳು ಹಿಂದೆಯೂ ಇದ್ದವು, ಓರಂಗಲ್ಲಿನ ಪ್ರತಾಪರುದ್ರನ ಮೇಲೆ ವಿದ್ಯಾನಾಥ ಬರೆದದ್ದು ಪ್ರಸಿದ್ಧವೇ ಆಗಿದೆ. ಆದರೆ ಪ್ರತಾಪರುದ್ರ ರಾಜ. ಇಲ್ಲಿ ಸಿಂಹಾಸನದ ಮೇಲೆ ಒಬ್ಬರಿರುವಾಗ ಅಲಂಕಾರಗಳೆಲ್ಲ ಇನ್ನೊಬ್ಬನಿಗೆ ಸಂದವು. ಆ ಕಾಲದ ರಾಜ್ಯವ್ಯವಸ್ಥೆಯನ್ನು ತಿಳಿಯಲು ಇದಕ್ಕಿಂತ ಚೊಕ್ಕವಾದ ದಾಖಲೆ ಬೇಕೆಂದು ನನಗೆ ತೋರುವುದಿಲ್ಲ.

ಪೀಠದ ಮೇಲೆ ಒಬ್ಬ, ಪೀಠದ ಹಿಂದೆ ಒಬ್ಬ. ಈ ಏರ್ಪಾಡು ನಮ್ಮವರ ಸ್ವತ್ತೇನೂ ಅಲ್ಲ. ಕೆರಿಬಿಯನ್ ಸಮುದ್ರದಲ್ಲಿ ಡೊಮಿನಿಕನ್ ಗಣರಾಜ್ಯವೆಂಬ ದೇಶವಿದೆ; ಕರ್ನಾಟಕದ ಕಾಲುಭಾಗದಷ್ಟು ವಿಸ್ತಾರ, ಕಬ್ಬೇ ಮುಖ್ಯ ಬೆಳೆಯಾಗಿದ್ದ ಸೀಮೆ. ಅದೇ ದ್ವೀಪದ ಪಶ್ಚಿಮಭಾಗದಲ್ಲಿ ಹೈಟಿ. ೧೯೩೦ರಿಂದ ೧೯೬೧ರವರೆಗೆ, ಮೂವತ್ತೊಂದು ವರ್ಷ, ಅಲ್ಲಿ ರಫಯೆಲ್ ಟ್ರುಹಿಯೊ ಎಂಬ ದಂಡನಾಯಕ ನಡೆಸಿದ್ದೇ ನಡೆಯಿತು. (ಟ್ರುಜಿಲೊ ಎಂದು ಪತ್ರಿಕೆಗಳಲ್ಲಿ ಓದಿದವರು ಇಬ್ಬರೆಂದು ತಿಳಿಯಬಾರದು, ಸ್ಪ್ಯಾನಿಷ್ ಭಾಷೆಯ ಉಚ್ಚಾರಣೆ ಹಾಗೆ.) ಸ್ವಾರಸ್ಯವೆಂದರೆ ಅಷ್ಟು ವರ್ಷವೂ ಅವನೇ ಅಧ್ಯಕ್ಷನಾಗಿರಲಿಲ್ಲ. ೧೯೩೮ರಲ್ಲಿ ಪೆಯ್ನಾದೊ ಎಂಬವನನ್ನು ಕೂರಿಸಿದ, ಅವನ ನಂತರ ತ್ರೊಂಕೊಸೊ, ೧೯೫೨ರಿಂದ ಸ್ವಂತ ತಮ್ಮ ಹೆಕ್ಟರ್, ೧೯೬೦ರಲ್ಲಿ ಬಲಗೇರ್. ಗಣರಾಜ್ಯಕ್ಕೆ ಸಂವಿಧಾನವಿತ್ತು, ಚುನಾವಣೆಗಳೂ ಆಗುತ್ತಿದ್ದವು. ಸೇನೆ ಮಾತ್ರ ಒಬ್ಬನದು. ಬಿರುಗಾಳಿಗೆ ನೆಲಸಮವಾಗಿದ್ದ ರಾಜಧಾನಿಯನ್ನು ಆತ ಚೆನ್ನಾಗಿಯೇ ಮತ್ತೆ ಕಟ್ಟಿಸಿದ. ೧೯೩೬ರಲ್ಲಿ ಅದಕ್ಕೆ ತನ್ನ ಹೆಸರನ್ನೇ ಇಡಿಸಿದ. ದೇಶದ ಅತ್ಯುನ್ನತ ಶಿಖರಕ್ಕೂ ಅವನದೇ ಹೆಸರು. ವಿದೇಶದ ಸಾಲವನ್ನು ತೀರಿಸಿದ, ರಸ್ತೆಗಳನ್ನು ಮಾಡಿಸಿದ. ೧೯೩೭ರ ಅಕ್ಟೋಬರಿನಲ್ಲಿ ಗಡಿಯಲ್ಲಿ ನೆಲಸಿದ್ದ ಹೈಟಿಯ ಬಡವರನ್ನು ಸಾವಿರಗಟ್ಟಲೆ ಕೊಲ್ಲಿಸಿದವನೂ ಅವನೇ. ದೇಶ 'ಸ್ಥಿರ'ವಾಗಿದೆಯೆಂದು ಹೊರಗಿನವರು ಬಹುಕಾಲ ಮೆಚ್ಚಿಕೊಂಡಿದ್ದರು.

ಆ ಸ್ಥಿರತೆ ಮುಂದೆ ಏನಾಯಿತೆಂಬುದಕ್ಕೆ ಆಮೇಲೆ ಬರುತ್ತೇನೆ. ಕಳಲೆಯ ಸೋದರರ ಸ್ಥಿರತೆ ಏನಾಯಿತೆಂಬುದನ್ನು ಮೊದಲು ನೋಡೋಣ.

ಆರ್ಕಾಟಿನ ನವಾಬಗಿರಿಗಾಗಿ ಮಹಮ್ಮದಾಲಿಗೂ ಚಂದಾಸಾಹೇಬನಿಗೂ ಜಗಳ ಹತ್ತಿತ್ತು. ಒಬ್ಬನ ಬೆನ್ನಿಗೆ ಇಂಗ್ಲಿಷರು, ಇನ್ನೊಬ್ಬನ ಬೆನ್ನಿಗೆ ಫ್ರೆಂಚರು. ತಿರುಚನಾಪಳ್ಳಿಯ ಕೋಟೆಯೊಳಗೆ ಸಿಕ್ಕಿಬಿದ್ದ ಮಹಮ್ಮದಾಲಿ ಮೈಸೂರಿನ ನೆರವನ್ನು ಬೇಡಿದ. ಗೆದ್ದರೆ ತಿರುಚನಾಪಳ್ಳಿಯನ್ನೇ ಬಿಟ್ಟುಕೊಡುವುದಾಗಿ ಮಾತು ಕೊಟ್ಟ. ಅಣ್ಣ ದೇವರಾಜಯ್ಯ ಬೇಡವೆಂದ; ತಮ್ಮ ಕೇಳಲಿಲ್ಲ. ದೊರೆಯ ಅಭಿಪ್ರಾಯವನ್ನು ಕೇಳುವ ಪದ್ಧತಿಯೇ ತಪ್ಪಿಹೋಗಿತ್ತು. ೧೭೫೨ರಲ್ಲಿ ನಂಜರಾಜಯ್ಯ ಮೈಸೂರಿನ ದಂಡನ್ನೂ, ಮರಾಠರ ಮುರಾರಿರಾಯನ ಕುದುರೆಗಳನ್ನೂ ತೆಗೆದುಕೊಂಡು ಘಟ್ಟ ಇಳಿದ. ಆ ವರ್ಷವೇ ಚಂದಾಸಾಹೇಬ ಸೋತು ಸತ್ತ. ಮಹಮ್ಮದಾಲಿ ಕೊಟ್ಟ ಮಾತನ್ನು ಮರೆತ; ಎರಡು ತಿಂಗಳು ತಾಳಿ ಎಂದ, ಶ್ರೀರಂಗದ್ವೀಪದ ಆದಾಯವನ್ನು ತೆಗೆದುಕೊಳ್ಳಿ ಎಂದ. ಮೋಸ ಹೋದೆನೆಂದು ತಿಳಿದ ಸರ್ವಾಧಿಕಾರಿ ಮರಳಿ ಬರಲಿಲ್ಲ. ಪಕ್ಷ ಬದಲಾಯಿಸಿ ಫ್ರೆಂಚರನ್ನು ಕೂಡಿಕೊಂಡು ಅದೇ ಕೋಟೆಯ ಮುಂದೆ ಕುಳಿತ. ೧೭೫೪ರ ಕೊನೆಯಲ್ಲಿ ಇಂಗ್ಲಿಷರೂ ಫ್ರೆಂಚರೂ ಯುದ್ಧ ಸಾಕೆಂದು ಒಪ್ಪಂದ ಮಾಡಿಕೊಂಡಾಗಲೂ ಇವನು ಏಳಲಿಲ್ಲ. ಎದ್ದದ್ದು ೧೭೫೫ರ ಏಪ್ರಿಲಿನಲ್ಲಿ, ಬರಿಗೈಯಲ್ಲಿ. ಮೂರು ವರ್ಷದ ದಂಡಿನ ಖರ್ಚು, ಮುರಾರಿರಾಯನ ಬಾಡಿಗೆ, ಫ್ರೆಂಚರಿಗೆ ಕೊಟ್ಟದ್ದು, ಎಲ್ಲ ನವಕೋಟಿನಾರಾಯಣರ ಬೊಕ್ಕಸದಿಂದ. ಲಾಭವೆಂದು ಹೇಳಬೇಕಾದರೆ ಒಂದೇ: ಆ ದಂಡಿನಲ್ಲಿ ಹೋಗಿದ್ದ, ದೇವನಹಳ್ಳಿಯ ಮುತ್ತಿಗೆಯಲ್ಲಿ ಹೆಸರು ಮಾಡಿದ್ದ ಹೈದರಾಲಿ ಎಂಬ ಸರದಾರ ಪಾಶ್ಚಾತ್ಯರ ಯುದ್ಧಕ್ರಮವನ್ನು ಹತ್ತಿರದಿಂದ ಕಂಡುಬಂದ.

ಒಬ್ಬನೇ ನಿರ್ಣಯಿಸುವ ರಾಜ್ಯದಲ್ಲಿ ತಪ್ಪಾಗುವುದು ದೊಡ್ಡದಲ್ಲ. ಎಲ್ಲ ರಾಜ್ಯಗಳಲ್ಲೂ ತಪ್ಪಾಗುತ್ತದೆ. ತಪ್ಪನ್ನು ಒಪ್ಪಿಕೊಂಡು ಹಿಂದಿರುಗುವ ದಾರಿ ಇಲ್ಲದಿರುವುದೇ ದೊಡ್ಡದು. ನಂಜರಾಜಯ್ಯ ಸೋತು ಬಂದರೆ ಅವನ ಅಧಿಕಾರಕ್ಕೆ ಬೇರೆ ಆಧಾರವೇ ಇರಲಿಲ್ಲ. ಆದ್ದರಿಂದ ಸೋಲನ್ನು ಮೂರು ವರ್ಷ ಮುಂದಕ್ಕೆ ಹಾಕಿದ.

ದಂಡು ಅಲ್ಲಿರುವಾಗಲೇ ಇಲ್ಲಿ ಮನೆಗೆ ಬಾಗಿಲಿಲ್ಲದಂತಾಯಿತು. ೧೭೫೫ರಲ್ಲಿ ಹೈದರಾಬಾದಿನ ಸಲಾಬತ್ ಜಂಗ್, ಫ್ರೆಂಚ್ ಸೇನಾಪತಿ ಬುಸ್ಸಿಯನ್ನು ಕರೆದುಕೊಂಡು ಕಪ್ಪ ಕೇಳುತ್ತ ಶ್ರೀರಂಗಪಟ್ಟಣಕ್ಕೆ ಬಂದ. ದೇವರಾಜಯ್ಯ ೫೬ ಲಕ್ಷ ರೂಪಾಯಿಗೆ ಒಪ್ಪಿದ. ಒಪ್ಪಿದ್ದಾಯಿತು, ಕೊಡುವುದೆಲ್ಲಿಂದ? ದೇವಾಲಯಗಳ ಬೆಳ್ಳಿಬಂಗಾರ, ಅರಮನೆಯ ಒಡವೆ ವಸ್ತು ಹೊರಬಂದವು. ಎಲ್ಲವನ್ನೂ ಕೂಡಿಸಿದರೆ ಮೂರರಲ್ಲಿ ಒಂದು ಪಾಲಿನಷ್ಟಾಯಿತು. ಉಳಿದದ್ದಕ್ಕೆ ಸಾಹುಕಾರರನ್ನು ಒತ್ತೆಯಾಳುಗಳನ್ನಾಗಿ ಕೊಟ್ಟುಕಳುಹಿಸಿದರು. ದೊಡ್ಡವರು ಆಡಿದ ಜೂಜಿಗೆ ಪೇಟೆಯವರು ಸೆರೆಹೋಗುವುದು ಆ ಕಾಲದ ಆರ್ಥಿಕನೀತಿಯಾಗಿತ್ತೆಂದು ತೋರುತ್ತದೆ.

ಸೋತುಬಂದ ಸರ್ವಾಧಿಕಾರಿಯ ಹಿಡಿತ ಸಡಿಲವಾಗಿದೆಯೆಂದು ಅರಮನೆಗೆ ಅನ್ನಿಸಿರಬೇಕು. ಹುಡುಗನಾಗಿ ಪಟ್ಟಕ್ಕೆ ಬಂದ ಕೃಷ್ಣರಾಜರಿಗೆ ಈಗ ಇಪ್ಪತ್ತೇಳು, ಇಪ್ಪತ್ತೆಂಟು ವಯಸ್ಸು. ೧೭೫೬ರಲ್ಲಿ ತಮ್ಮವರನ್ನು ಕೂಡಿಸಿಕೊಂಡು ಬಿಡುಗಡೆಗೆ ಯತ್ನಿಸಿದರು. ನಂಜರಾಜಯ್ಯ ಅರಮನೆಯ ಬಾಗಿಲಿಗೆ ಫಿರಂಗಿ ಹಚ್ಚಿದ. ಬಾಗಿಲು ಒಡೆಯಿತು. ಒಳಹೊಕ್ಕು ದೊರೆಯ ಕಡೆಯವರನ್ನು ಹಿಡಿಸಿ, ದೊರೆಯ ಕಣ್ಣೆದುರಿಗೇ ಅವರ ಕಿವಿಮೂಗು ಕೊಯ್ಯಿಸಿದ. ಆ ದೊರೆ ಅವನ ಅಳಿಯ. ಅಣ್ಣ ದೇವರಾಜಯ್ಯ ಕೂಡ ಇದನ್ನು ಸಹಿಸಲಾರದೆ ತನ್ನ ಪರಿವಾರದೊಂದಿಗೆ ಸತ್ಯಮಂಗಲಕ್ಕೆ ಹೊರಟುಹೋದ. ಕಬ್ಬಾಳದುರ್ಗಕ್ಕೆ ಒಬ್ಬ ದೊರೆಯನ್ನು ಕಳುಹಿಸಿದವನಿಗೆ ಇಪ್ಪತ್ತೆರಡು ವರ್ಷದ ಮೇಲೆ ಜುಗುಪ್ಸೆ ಬಂತು; ಬಂದದ್ದನ್ನು ಅಲ್ಲಗಳೆಯುವಂತಿಲ್ಲ.

ಆ ಫಿರಂಗಿಯ ಗುಂಡು ಬಾಗಿಲನ್ನು ಮಾತ್ರ ಒಡೆಯಲಿಲ್ಲ. ಅದುವರೆಗೆ ದೊರೆಗೆ ಅಧಿಕಾರವಿಲ್ಲದಿದ್ದರೂ ಮರ್ಯಾದೆಯಿತ್ತು. ದೊರೆಯ ಹೆಸರಿನಲ್ಲಿ ಎಂಬ ಮಾತಿಗೆ ಸಿಪಾಯಿ ತಲೆಬಾಗುತ್ತಿದ್ದ, ಶಾನುಭೋಗ ಲೆಕ್ಕ ಒಪ್ಪಿಸುತ್ತಿದ್ದ. ಅರಮನೆಗೆ ಗುಂಡು ಹಾರಿಸಬಹುದು, ಹಾರಿಸಿದವನಿಗೆ ಏನೂ ಆಗುವುದಿಲ್ಲ ಎಂಬುದನ್ನು ಆ ದಿನ ಶ್ರೀರಂಗಪಟ್ಟಣದ ಒಂದೊಂದು ಪಟಾಲಮಿಗೂ ನಂಜರಾಜಯ್ಯ ಕಲಿಸಿಕೊಟ್ಟ.

ಮರುವರ್ಷ, ೧೭೫೭ರಲ್ಲಿ, ಪೇಶ್ವೆ ಬಾಲಾಜಿರಾಯ ಬಂದ. ೩೨ ಲಕ್ಷಕ್ಕೆ ರಾಜಿಯಾಯಿತು. ಐದಾರು ಲಕ್ಷಕ್ಕಿಂತ ಹೆಚ್ಚು ಹುಟ್ಟಲಿಲ್ಲ. ಉಳಿದದ್ದಕ್ಕಾಗಿ ತಾಲ್ಲೂಕುಗಳನ್ನೇ ಒತ್ತೆಯಿಟ್ಟರು. ತಾಲ್ಲೂಕು ಹೋದರೆ ಕಂದಾಯ ಹೋಯಿತು. ಕಂದಾಯ ಹೋದರೆ ಸಂಬಳ ಹೋಯಿತು. ೧೭೫೮ರಲ್ಲಿ ಬಾಕಿ ಸಂಬಳ ಬಾರದ ಸಿಪಾಯಿಗಳು ನಂಜರಾಜಯ್ಯನ ಮನೆಬಾಗಿಲಲ್ಲಿ ಧರಣಿ ಕುಳಿತರು. ಆ ಕಾಲದ ಧರಣಿ ಈಗಿನಂಥದಲ್ಲ. ಒಳಗಿದ್ದವನಿಗೆ ಅನ್ನನೀರು ಹೋಗದಂತೆ ತಡೆಯುವುದು, ತಾವೂ ಉಪವಾಸ ಕೂರುವುದು. ನಾಡಿನ ಸರ್ವಾಧಿಕಾರಿ ತನ್ನ ಮನೆಯಲ್ಲಿ ಒಂದು ಬಿಂದಿಗೆ ನೀರಿಗೆ ಬಾಯಿಬಿಡುವ ಸ್ಥಿತಿ ಬಂತು.

ಬಿಡಿಸಿದವನು ಹೈದರಾಲಿ. ದಿಂಡಿಗಲ್ಲಿನ ಫೌಜುದಾರನಾಗಿದ್ದ ಅವನು ತನ್ನ ಲೆಕ್ಕಿಗ ಖಂಡೇರಾಯನೊಂದಿಗೆ ಬಂದು, ಅಣ್ಣತಮ್ಮಂದಿರನ್ನು ಒಂದುಗೂಡಿಸಿ, ಲೆಕ್ಕ ನೋಡಿ, ಬಾಕಿ ತೀರಿಸಿದ. ದೇವರಾಜಯ್ಯ ಅದೇ ವರ್ಷ ತೀರಿಕೊಂಡ. ಸಿಪಾಯಿಗೆ ಗೊತ್ತಾದದ್ದು ಒಂದೇ ವಿಷಯ: ಸಂಬಳ ಕೊಡುವವನು ಇವನು. ಇವನಲ್ಲಿ ಹಣ ಎಲ್ಲಿಂದ ಬಂತೆಂದು ಕೇಳಬಹುದು. ಆ ಕಾಲದ ಚರಿತ್ರೆಯನ್ನು ಬರೆದ ಕರ್ನಲ್ ವಿಲ್ಕ್ಸ್ ಒಂದು ಪ್ರಸಂಗವನ್ನು ಹೇಳುತ್ತಾನೆ. ದಿಂಡಿಗಲ್ಲಿನಲ್ಲಿ ಗಾಯಾಳುಗಳಿಗೆ ಸರ್ಕಾರದಿಂದ ಭತ್ಯವಿತ್ತು. ಒಂದು ಕದನದಲ್ಲಿ ನಿಜವಾಗಿ ಗಾಯಗೊಂಡವರು ನೂರಕ್ಕೂ ಕಡಮೆ. ಅಧಿಕಾರಿ ತನಿಖೆಗೆ ಬಂದಾಗ ಅರಿಶಿನದ ಬಟ್ಟೆ ಸುತ್ತಿಕೊಂಡು ಮಲಗಿದ್ದವರು ಏಳುನೂರರಷ್ಟು. ವಿಲ್ಕ್ಸ್ ಹೈದರನಿಗೆ ಶತ್ರುಪಕ್ಷದವನು, ಅವನ ಮಾತಿಗೆ ಒಂದು ಹಿಡಿ ಉಪ್ಪು ಬೆರೆಸಿಯೇ ಓದಬ���ಕು. ಆದರೂ ಲೆಕ್ಕ ಕೇಳುವವರಿಲ್ಲದ ರಾಜ್ಯದಲ್ಲಿ ಇದು ನಡೆಯಲಾರದ್ದೇನಲ್ಲ. ನಂಜರಾಜಯ್ಯ ಯಾರಿಗೆ ಲೆಕ್ಕ ಒಪ್ಪಿಸಿದ್ದ?

ಮುಂದಿನ ವರ್ಷವೇ ಅದೇ ಧರಣಿಯ ಆಟದಿಂದ ನಂಜರಾಜಯ್ಯ ಪದವಿ ಬಿಡಬೇಕಾಯಿತು. ಈ ಸಲ ಒಳಗಿನಿಂದ ಸೂತ್ರ ಹಿಡಿದವರು ದೊಡ್ಡ ಕೃಷ್ಣರಾಜರ ರಾಣಿಯೂ, ಖಂಡೇರಾಯನೂ, ಹೈದರನೂ. ಸರ್ವಾಧಿಕಾರಿ ಹೋದರೆ ದೊರೆಗೆ ಅಧಿಕಾರ ಬಂದೀತೆಂದು ಅರಮನೆಯವರು ನಂಬಿದ್ದರು. ಬಂದದ್ದು ಹೈದರನಿಗೆ. ಬೆಂಗಳೂರು ಅವನಿಗೆ ಆಗಲೇ ಜಹಗೀರಾಗಿತ್ತು. ಈಗ ರಾಜ್ಯದ ಬಹುಪಾಲು ಕಂದಾಯವೂ ಸಂಬಳದ ಬಾಬ್ತು ಅವನ ಕೈಸೇರಿತು.

ಅರಮನೆ ಮತ್ತೊಮ್ಮೆ ಯತ್ನಿಸಿತು. ಖಂಡೇರಾಯ ಈಗ ರಾಣಿಯ ಪಕ್ಷ. ಹೈದರನ ದಂಡು ಪುದುಚೇರಿಯ ಕಡೆ ಹೋಗಿದ್ದ ಸಮಯ ನೋಡಿ, ೧೭೬೦ರ ಆಗಸ್ಟ್ ೧೨ರ ಬೆಳಿಗ್ಗೆ ಶ್ರೀರಂಗಪಟ್ಟಣದ ಕೋಟೆಯಿಂದ ಅವನ ಬಿಡಾರದ ಮೇಲೆ ಗುಂಡು ಹಾರಿತು. ಆ ರಾತ್ರಿ ಹೆಂಡತಿಮಕ್ಕಳನ್ನು ಬಿಟ್ಟು ಹೊಳೆ ದಾಟಿ ಹೈದರ್ ಆನೇಕಲ್ಲಿಗೆ, ಅಲ್ಲಿಂದ ಬೆಂಗಳೂರಿಗೆ ಓಡಿದ. ಮರಾಠರು ಬೆನ್ನಟ್ಟಿದ್ದರೆ ಕಥೆ ಮುಗಿಯುತ್ತಿತ್ತು; ೧೭೬೧ರ ಜನವರಿಯಲ್ಲಿ ಪಾಣಿಪತ್ತಿನಲ್ಲಿ ಅವರೇ ನೆಲಕಚ್ಚಿದರು.

ಇನ್ನು ನಮ್ಮ ಸೀಮೆಯ ಪ್ರಸಂಗ. ೧೭೬೧ರಲ್ಲಿ ಸೇನೆ ಕೂಡಿಸಿಕೊಂಡು ಬಂದ ಹೈದರ್, ಕಾವೇರಿಯೂ ಕಪಿಲೆಯೂ ಸೇರುವ ತಿರುಮಕೂಡಲಿನ ಕೆಳಗೆ, ಸೋಸಲೆಯ ಬಳಿ ಹೊಳೆ ದಾಟಿ ದಕ್ಷಿಣದ ದಡಕ್ಕೆ ಬಂದ. ಖಂಡೇರಾಯ ಇತ್ತಕಡೆಯಿಂದ ಬಂದು ನಂಜನಗೂಡಿನ ಬಳಿ ಅಡ್ಡಗಟ್ಟಿದ. ಹೈದರನಿಗೆ ಸೋಲಾಯಿತು. ದಳವಾಯಿಯ ಸೇತುವೆ, ನಂಜರಾಜನ ಇಷ್ಟದೈವದ ಗೋಪುರ, ಕಳಲೆಯ ಹೊಲಗದ್ದೆ, ಎಲ್ಲವೂ ಅಲ್ಲಿಯೇ ಸುತ್ತಮುತ್ತ. ಕಳಲೆಯವನೊಬ್ಬ ಮಾತ್ರ ಅಲ್ಲಿರಲಿಲ್ಲ. ಅವನು ದೂರದ ಕೊಣನೂರಿನಲ್ಲಿ, ಕಾವೇರಿಯ ದಡದಲ್ಲಿ, ಪದವಿ ಕಳೆದುಕೊಂಡು ಕುಳಿತಿದ್ದ. ಸೋತ ಹೈದರ್ ಇನ್ನೂರು ಸವಾರರೊಂದಿಗೆ ಅಲ್ಲಿಗೆ ಹೋಗಿ, ಆಯುಧವಿಲ್ಲದೆ ಬಾಗಿಲಲ್ಲಿ ನಿಂತು, ಹಳೆಯ ಒಡೆಯನ ಕ್ಷಮೆ ಬೇಡಿದ. ನೀವು ಮತ್ತೆ ಸರ್ವಾಧಿಕಾರಿಯಾಗಿ, ನಾನು ನಿಮ್ಮ ಕೈಕೆಳಗೆ ದಳವಾಯಿಯಾಗಿರುತ್ತೇನೆ ಎಂದ. ಮಹಮ್ಮದಾಲಿಯ ಮಾತನ್ನು ನಂಬಿ ಕೆಟ್ಟಿದ್ದವನು ಇವನ ಮಾತನ್ನೂ ನಂಬಿದ. ತನ್ನ ಮೊಹರನ್ನು ಕೊಟ್ಟ.

ಆ ಮೊಹರಿಗೆ ಇನ್ನೂ ಬೆಲೆಯಿತ್ತು. ಕಟ್ಟೆಮಳಲವಾಡಿಯ ಬಳಿ ಬೀಡುಬಿಟ್ಟಿದ್ದ ಖಂಡೇರಾಯನ ಸರದಾರರಿಗೆ ನಂಜರಾಜನ ಮೊಹರಿನ ಸುಳ್ಳು ಪತ್ರಗಳು ಹೊರಟವು: ಒಪ್ಪಿದಂತೆ ಖಂಡೇರಾಯನನ್ನು ಹಿಡಿದುಕೊಡಿ ಎಂದು. ಪತ್ರಗಳು ಬೇಕೆಂದೇ ಖಂಡೇರಾಯನ ಕೈಗೆ ಸಿಕ್ಕುವಂತೆ ಏರ್ಪಾಡಾಗಿತ್ತು. ಅವನು ಓದಿದ, ಸ್ವಂತ ಸರದಾರರ ಮೇಲೆ ಸಂಶಯಪಟ್ಟು ಒಬ್ಬನೇ ಶ್ರೀರಂಗಪಟ್ಟಣಕ್ಕೆ ಓಡಿದ. ದೊರೆಯೊಬ್ಬನು ನಿಜವಾಗಿ ದೊರೆಯಾಗಿದ್ದ ರಾಜ್ಯದಲ್ಲಿ ಇಂಥ ಪತ್ರಕ್ಕೆ ಇಷ್ಟು ಶಕ್ತಿ ಇರುತ್ತಿರಲಿಲ್ಲ. ಯಾರು ಯಾರ ಕಡೆಯೆಂದು ಯಾರಿಗೂ ತಿಳಿಯದ ಸ್ಥಿತಿಯೇ ಹೈದರನ ಮುಖ್ಯ ಆಯುಧ. ಅದನ್ನು ಸಾಣೆ ಹಿಡಿದಿಟ್ಟವರು ಬೇರೆ. ಖಂಡೇರಾಯನನ್ನು ಕಬ್ಬಿಣದ ಪಂಜರದಲ್ಲಿಟ್ಟು, ಗಿಣಿಯಂತೆ ಸಾಕುತ್ತೇನೆಂಬ ಮಾತು ತಪ್ಪದ ಹಾಗೆ ಹಾಲು ಅನ್ನ ಕೊಟ್ಟ ಕಥೆ ಎಲ್ಲರಿಗೂ ಗೊತ್ತು.

ಹೊಸ ಏರ್ಪಾಡು ಹೀಗಾಯಿತು: ದೊರೆಯ ವೆಚ್ಚಕ್ಕೆ ೩ ಲಕ್ಷ ವರಹ, ನಂಜರಾಜಯ್ಯನಿಗೆ ೧ ಲಕ್ಷ, ಉಳಿದ ರಾಜ್ಯದ ಆಡಳಿತ ಹೈದರಾಲಿಯದು. ಕೊಣನೂರಿನಲ್ಲಿ ಕೊಟ್ಟ ಮಾತಿನ ಸುದ್ದಿಯೇ ಬರಲಿಲ್ಲ. ಹೈದರನನ್ನು ರಾಜದ್ರೋಹಿಯೆಂದು ಬೈಯುವವರುಂಟು, ವೀರನೆಂದು ಕೊಂಡಾಡುವವರೂ ಉಂಟು. ಸಮರ್ಥನೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಿಂಹಾಸನವನ್ನು ಅವನು ಖಾಲಿಮಾಡಲಿಲ್ಲ. ಖಾಲಿಯಾಗಿದ್ದ ಸಿಂಹಾಸನದ ಹಿಂದೆ ಹೋಗಿ ನಿಂತ, ಅಷ್ಟೆ. ನಿಲ್ಲುವ ಜಾಗವನ್ನು ಕಳಲೆಯವರು ಇಪ್ಪತ್ತೇಳು ವರ್ಷ ತುಳಿದು ಹದಮಾಡಿದ್ದರು.

ಇದಾಗಿ ಸರಿಯಾಗಿ ಇನ್ನೂರು ವರ್ಷಕ್ಕೆ, ೧೯೬೧ರ ಮೇ ೩೦ರ ರಾತ್ರಿ, ಡೊಮಿನಿಕನ್ ಗಣರಾಜ್ಯದ ಹೆದ್ದಾರಿಯಲ್ಲಿ ಟ್ರುಹಿಯೊವನ್ನು ಗುಂಡಿಟ್ಟು ಕೊಂದರು. ಹಿಂದಿನ ನವೆಂಬರಿನಲ್ಲಿ ಅವನನ್ನು ವಿರೋಧಿಸಿದ ಮಿರಬಾಲ್ ಸೋದರಿಯರು ಮೂವರನ್ನು ಅವನ ಕಡೆಯವರು ಹೊಡೆದು ಕೊಂದಿದ್ದರು. ಆ ಮೇಲೆ ಜನರ ಮನಸ್ಸು ಪೂರ್ತಿ ತಿರುಗಿತ್ತು. ರಾಜಧಾನಿಗೆ ಸಾಂತೊ ದೊಮಿಂಗೊ ಎಂಬ ಹಳೆಯ ಹೆಸರು ಬಂತು. ಆದರೆ ಹೆಸರು ಬದಲಾಯಿಸಿದಷ್ಟು ಸುಲಭವಾಗಿ ಉಳಿದದ್ದು ಬದಲಾಗಲಿಲ್ಲ. ಪಕ್ಷಗಳಿಲ್ಲ, ಸ್ವತಂತ್ರ ನ್ಯಾಯಾಲಯವಿಲ್ಲ, ಸಕ್ಕರೆ ಕಾರ್ಖಾನೆಗಳಲ್ಲಿ ಬಹುಪಾಲು ಸತ್ತವನ ಸ್ವಂತ ಆಸ್ತಿ. ಗಟ್ಟಿಯಾಗಿ ಉಳಿದದ್ದು ಸೇನೆಯೊಂದೇ. ೧೯೬೨ರ ಡಿಸೆಂಬರಿನಲ್ಲಿ ಜನರು ಹ್ವಾನ್ ಬೋಷ್ ಎಂಬ ಲೇಖಕರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಏಳು ತಿಂಗಳು ಆಳಿದ ಮೇಲೆ, ೧೯೬೩ರ ಸೆಪ್ಟೆಂಬರಿನಲ್ಲಿ, ಸೇನೆ ಅವರನ್ನು ಹೊರಗೆ ಹಾಕಿತು. ೧೯೬೫ರ ಏಪ್ರಿಲಿನಲ್ಲಿ ಸೇನೆಯೇ ಎರಡಾಗಿ ಬೀದಿಯುದ್ಧ ಹತ್ತಿತು. ಅಮೆರಿಕ ಇಪ್ಪತ್ತು ಸಾವಿರಕ್ಕೂ ಮಿಕ್ಕ ಸೈನಿಕರನ್ನು ಇಳಿಸಿತು. ೧೯೬೬ರ ಚುನಾವಣೆಯಲ್ಲಿ ಗೆದ್ದವನು ಟ್ರುಹಿಯೊ ಕೊನೆಯದಾಗಿ ಕೂರಿಸಿದ್ದ ಬಲಗೇರ್. ಅವನು ಎಡೆಬಿಡದೆ ಹನ್ನೆರಡು ವರ್ಷ ಆಳಿದ. ಮೂವತ್ತೊಂದು ವರ್ಷದ 'ಸ್ಥಿರತೆ'ಯ ಬಡ್ಡಿ ಹೀಗೆ ಸಂದಾಯವಾಯಿತು.

ಮೈಸೂರಿನ ಬಡ್ಡಿ ಇನ್ನೂ ಉದ್ದವಾಗಿ ಬೆಳೆಯಿತು. ನಂಜರಾಜಯ್ಯ ೧೭೬೭ರ ಸುಮಾರಿಗೆ ನಿಜಾಮನೊಂದಿಗೂ ಮರಾಠರೊಂದಿಗೂ ಗುಟ್ಟಾಗಿ ಪತ್ರವ್ಯವಹಾರ ನಡೆಸಿದನೆಂದು ಹೈದರ್ ಅವನನ್ನು ನಯದಿಂದ ಶ್ರೀರಂಗಪಟ್ಟಣಕ್ಕೆ ಕರೆಸಿಕೊಂಡು ಸೆರೆಯಲ್ಲಿಟ್ಟ, ಜಹಗೀರು ಹೋಯಿತು. ಶಿವಮಾಹಾತ್ಮ್ಯಗಳನ್ನು ಬರೆದವನು ಸೆರೆಯಿಂದ ಹೊರಬರಲಿಲ್ಲ. ಇಮ್ಮಡಿ ಕೃಷ್ಣರಾಜರು ೧೭೬೬ರಲ್ಲಿ ತೀರಿಕೊಂಡರು. ಅವರ ಮಗ ನಂಜರಾಜ ಒಡೆಯರು ೧೭೭೦ರಲ್ಲಿ ಕೊಲೆಯಾದರು. ಅಪ್ಪಣೆ ಹೈದರನದೆಂದು ವಿಲ್ಕ್ಸ್ ಬರೆದಿದ್ದಾನೆ. ೧೭೭೬ರಲ್ಲಿ ಮತ್ತೆ ಪೀಠ ತೆರವಾದಾಗ ಹೈದರ್ ರಾಜಬಂಧುಗಳ ಮಕ್ಕಳನ್ನು ಒಂದು ಕೋಣೆಯಲ್ಲಿ ಕೂಡಿಸಿ, ಆಟದ ಸಾಮಾನು, ಹಣ್ಣುಹಂಪಲುಗಳ ನಡುವೆ ಒಂದು ಬಾಕನ್ನೂ ಇರಿಸಿ, ಅದನ್ನು ಕೈಗೆತ್ತಿಕೊಂಡ ಮಗುವನ್ನು ದೊರೆಯೆಂದು ಆರಿಸಿದನಂತೆ. ಆ ಮಗು ಖಾಸಾ ಚಾಮರಾಜ ಒಡೆಯರಾಗಿ ಬೆಳೆದು ೧೭೯೬ರಲ್ಲಿ ತೀರಿಕೊಂಡಾಗ, ಟೀಪು ಸುಲ್ತಾನ್ ಅವರ ಸ್ಥಾನದಲ್ಲಿ ಯಾರನ್ನೂ ಕೂರಿಸಲಿಲ್ಲ. ಕೂರಿಸುವ ಅಗತ್ಯ ಉಳಿದಿರಲಿಲ್ಲ.

೧೭೯೯ರ ಜೂನ್ ೩೦ರಂದು ಇಂಗ್ಲಿಷರು ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಿದರು. ಅವರಿಗೂ ಆಗ ಐದು ವರ್ಷ ತುಂಬಿರಲಿಲ್ಲ. ನಂಜನಗೂಡಿನ ದೇವಾಲಯಕ್ಕೆ ಈಗ ನಾವು ಕಾಣುವ ಏಳಂತಸ್ತಿನ ಮಹಾದ್ವಾರ ಗೋಪುರವನ್ನು ಕಟ್ಟಿಸಿದವರು ಅವರ ರಾಣಿ ದೇವಾಜಮ್ಮಣ್ಣಿಯವರು, ೧೮೪೫ರಲ್ಲಿ. ಮಹಾರಾಜರ ಕೈಯಿಂದ ರಾಜ್ಯಾಡಳಿತ ತಪ್ಪಿ, ಇಂಗ್ಲಿಷ್ ಕಮಿಷನರಿಗೆ ಹೋಗಿ ಆಗ್ಗೆ ಹದಿನಾಲ್ಕು ವರ್ಷವಾಗಿತ್ತು.